ಬಸುರಿಯ ತಲೆನೋವನ್ನು ತಳ್ಳಿಹಾಕಬೇಡಿ

ಮಳವಳ್ಳಿಯ ನಮ್ಮ ಓರಗಿತ್ತಿಯ ಮಗಳಿಗೆ ಕೂಸಾಗಿದ್ದಾಗ ತಲೆಯಲ್ಲಿ ನೀರು ತುಂಬಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಂಟ್ ಹಾಕಿದ್ದರು. ಮಿದುಳಿನ ಹೆಚ್ಚಿನ ನೀರನ್ನು ಚರ್ಮದೊಳಗಿಂದಲೇ ಹೊಟ್ಟೆಗೆ ಇಳಿಸುವ ಸಣ್ಣ ಕೊಳವೆ ಅದು. ಈಗವಳು ಏಳು ತಿಂಗಳ ಬಸುರಿ.

"ಹೊಟ್ಟೇಲಿ ಪೈಪು ಇಟ್ಕೊಂಡು ಹೆರೋದುಂಟಾ ಅಕ್ಕಾ?" ಅಂತ ಓರಗಿತ್ತಿಗೆ ದಿಗಿಲು. ಉಂಟು ಕಣ್ರೀ. ಶಂಟ್ ಸರಿಯಾಗಿದ್ದರೆ ಎಷ್ಟೋ ಜನರಿಗೆ ಸಹಜ ಹೆರಿಗೆಯೇ ಆಗುತ್ತೆ. ಆದರೆ ಗರ್ಭ ಬೆಳೆದಂತೆ ಹೊಟ್ಟೆಯ ಒತ್ತಡ ಹೆಚ್ಚಿ ನೀರು ಇಳಿಯುವುದು ಕಡಿಮೆಯಾಗಬಹುದು. ಆಗ ಬಿಡದ ತಲೆನೋವು, ವಾಂತಿ, ಕಣ್ಣು ಮಂಜು, ಮಂಪರು.

ಹೋದ ತಿಂಗಳು ಅವಳು ತಲೆನೋವು, ವಾಂತಿ ಅಂದಾಗ "ಪಿತ್ತ ಕಣೆ" ಅಂತ ಶುಂಠಿ ಕಷಾಯ ಕೊಟ್ಟವಳು ನಾನೇ! ಎರಡು ದಿನವಾದರೂ ನಿಲ್ಲಲಿಲ್ಲ. ಮಂಡ್ಯದ ಆಸ್ಪತ್ರೆಯಲ್ಲಿ ಮೊದಲು ಬಿ.ಪಿ. ನೋಡಿದರು, ಅದು ಏರಿದರೂ ಹೀಗೇ ಆಗುತ್ತಂತೆ. ಬಿ.ಪಿ. ಸರಿಯಿತ್ತು. "ಮಿದುಳಿನ ಡಾಕ್ಟರೂ ನೋಡಬೇಕು, ಶಂಟಿನ ಹಳೆ ಕಾಗದ ತನ್ನಿ" ಅಂದರು.

ಕಾಗದ ಎಲ್ಲಿ? ಮನೆಯೆಲ್ಲ ಜಾಲಾಡಿ, ಕೊನೆಗೆ ಓರಗಿತ್ತಿಯ ತವರಾದ ಮದ್ದೂರಿನಲ್ಲಿ, ಟ್ರಂಕಿನ ತಳದಲ್ಲಿ ಸಿಕ್ಕಿತು. ಸ್ಕ್ಯಾನಿನಲ್ಲಿ ಕೊಳವೆ ಸರಿಯಿತ್ತು, ಸದ್ಯ. ಆ ಕಾಗದ ಈಗ ತಾಯಿ ಕಾರ್ಡಿನ ಜೊತೆ ಅವಳ ಚೀಲದಲ್ಲೇ ಇರುತ್ತೆ.