ಮೊಸಳೆಗೆ ಸಿಕ್ಕ ಮರ್ಯಾದೆ

ಕಳೆದ ತಿಂಗಳು ಕ್ಲಾಸಿನಲ್ಲಿ ಓದಲು ನಾನೊಂದು ಸುಳ್ಳು ಸುದ್ದಿ ಬರೆದಿದ್ದೆ. ‘ಬಿಟಿಎಂ ಲೇಔಟಿನಲ್ಲಿ ಗುಂಡಿಯೊಂದು ಆಟೋವನ್ನು ನುಂಗಿದೆ. ಗುಂಡಿ ಹಿಂದಿನ ಸರ್ಕಾರದ್ದು ಎಂದು ಆಡಳಿತ ಪಕ್ಷ, ಅದರಲ್ಲಿರುವ ನೀರು ಈಗಿನ ಸರ್ಕಾರದ್ದು ಎಂದು ವಿರೋಧ ಪಕ್ಷ ಹೇಳಿಕೆ ಕೊಟ್ಟಿವೆ. ಒಳಗಿನಿಂದ ಮೀಟರ್ ಓಡುವ ಸದ್ದು ಕೇಳುತ್ತಿರುವುದರಿಂದ ಪರಿಸ್ಥಿತಿ ನಿಯಂತ್ರಣದಲ್ಲಿದೆ ಎಂದು ಅಧಿಕಾರಿಗಳು ತಿಳಿಸಿದ್ದಾರೆ.’

ಎಲ್ಲರೂ ನಕ್ಕರು. ಲೆಕ್ಚರರ್ ಕೂಡ ನಕ್ಕರು. ಕೊನೆಯ ಬೆಂಚಿನ ಗೆಳೆಯನೊಬ್ಬ ಮಾತ್ರ ನಗಲಿಲ್ಲ.

ಅವನ ತಂದೆ ಗೂಡ್ಸ್ ಆಟೋ ಓಡಿಸುತ್ತಾರೆ. ಮಳೆಗಾಲದಲ್ಲಿ ಬನಶಂಕರಿ ಕಡೆ ಸ್ಕೂಟರಿನಲ್ಲಿ ಬರುವಾಗ ಗುಂಡಿಗೆ ಬಿದ್ದು ಕೈ ಮುರಿದುಕೊಂಡರು. ಮೂರು ವಾರ ದುಡಿಮೆ ಇರಲಿಲ್ಲ. ‘ನಿನ್ನ ಕಥೆಯಲ್ಲಿ ಎಷ್ಟು ಜನ ಹೇಳಿಕೆ ಕೊಟ್ಟರು! ಅಬ್ಬಾ ಬಿದ್ದಾಗ ಸುಳ್ಳು ಹೇಳೋಕೂ ಯಾರೂ ಬರಲಿಲ್ಲ’ ಎಂದ. ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಬೇಕು ಎಂದು ನಾವು ಕಾಮರ್ಸ್‌ನವರು ಕಲಿಯುತ್ತೇವೆ. ಆ ಮೂರು ವಾರಗಳ ಲೆಕ್ಕದಲ್ಲಿ ಇನ್ನೊಂದು ಕಡೆ ಯಾರ ಹೆಸರೂ ಇಲ್ಲ.

ಹಾಗಾದರೆ ತಮಾಷೆ ಮಾಡುವುದೇ ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. 2015ರ ಜೂನ್‌ನಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದಲ್ಲಿ ನೀರು ತುಂಬಿದ್ದ ದೊಡ್ಡ ಗುಂಡಿಗೆ ಫೈಬರ್ ಮೊಸಳೆ ಬಿಟ್ಟರು. ಫೋಟೋ ಊರೆಲ್ಲ ಹರಡಿತು, ಪಾಲಿಕೆಯವರು ಬಂದು ಗುಂಡಿ ಮುಚ್ಚಿದರು. 2019ರ ಸೆಪ್ಟೆಂಬರ್‌ನಲ್ಲಿ, ಚಂದ್ರಯಾನ-2ರ ಲ್ಯಾಂಡರ್ ಇಳಿಯಲು ಕೆಲವೇ ದಿನ ಇದ್ದಾಗ, ಗಗನಯಾತ್ರಿಯ ವೇಷ ಹಾಕಿದ ನಟರೊಬ್ಬರನ್ನು ಹೇರೋಹಳ್ಳಿಯ ಗುಂಡಿಗಳ ನಡುವೆ ನಡೆಸಿ ವಿಡಿಯೋ ಮಾಡಿದರು. ಅಲ್ಲೂ ರಿಪೇರಿ ಶುರುವಾಯಿತು.

ಮನುಷ್ಯರು ಬಿದ್ದಾಗ ಬಾರದವರು ಪ್ಲಾಸ್ಟಿಕ್ ಮೊಸಳೆಗೆ ಹೆದರಿ ಬಂದರಲ್ಲ ಎಂದು ನಾಚಿಕೆಯಾಗುತ್ತದೆ. ಆದರೆ ಅವರ ತಮಾಷೆಗೂ ನನ್ನದಕ್ಕೂ ಒಂದು ವ್ಯತ್ಯಾಸವಿದೆ. ಅವರ ಮೊಸಳೆಗೆ ವಿಳಾಸವಿತ್ತು. ನಿಜವಾದ ರಸ್ತೆಯ ನಿಜವಾದ ಗುಂಡಿಯಲ್ಲಿ ಅದು ಕೂತಿತ್ತು. ನಾನು ‘ರಾಜಕಾರಣಿಗಳು’ ಎಂದು ಎಲ್ಲರನ್ನೂ ಒಟ್ಟಿಗೆ ಗೇಲಿ ಮಾಡಿದೆ. ಆದ್ದರಿಂದ ಯಾರೂ ಏನೂ ಮಾಡಬೇಕಾಗಲಿಲ್ಲ, ನಾನೂ ಸೇರಿದಂತೆ.

ನಮ್ಮ ಮನೆಯ ಉರ್ದುವಿನಲ್ಲೂ ಕಾಲೇಜಿನ ಕನ್ನಡದಲ್ಲೂ ಮೊಸಳೆ ಕಣ್ಣೀರಿಗೆ ಒಂದೇ ಅರ್ಥ. ಗೆಳೆಯನ ನೋವು ಕೇಳಿ ಸುಮ್ಮನೆ ‘ಅಯ್ಯೋ’ ಎಂದಿದ್ದರೆ ನನ್ನದೂ ಅದೇ ಕಣ್ಣೀರಾಗುತ್ತಿತ್ತು. ಹಾಗಾಗಿ ಇಬ್ಬರೂ ಹೋಗಿ ಆ ಗುಂಡಿಯ ಫೋಟೋ ತೆಗೆದು, ಹತ್ತಿರದ ಬಸ್‌ಸ್ಟಾಪಿನ ಗುರುತು ಬರೆದು, ದೂರು ಕೊಟ್ಟೆವು.

ಗುಂಡಿ ಇನ್ನೂ ಅಲ್ಲೇ ಇದೆ. ಫೈಬರ್ ಮೊಸಳೆಗೆ ಎಷ್ಟಾಗುತ್ತದೆ ಎಂದು ವಿಚಾರಿಸುತ್ತಿದ್ದೇವೆ.