ತೆರಿಗೆ ನಮ್ಮದು, ಬೀಗ ಅವರದು

ಸಂತೆಯಲ್ಲಿ ಬೆಲ್ಲ ಮಾರುವವನು ಗಿರಾಕಿಯ ಅಂಗೈಯಲ್ಲಿ ಒಂದು ಚೂರು ಇಡುತ್ತಾನೆ. ರುಚಿ ನೋಡಿ ಕೊಳ್ಳುವುದೂ ಬಿಡುವುದೂ ಗಿರಾಕಿಯ ಇಷ್ಟ. ಈ ವ್ಯಾಪಾರದಲ್ಲಿ ಮೋಸವಿಲ್ಲ. ರುಚಿ ನೋಡುವ ನಾಲಿಗೆ, ದುಡ್ಡು ಕೊಡುವ ಕೈ, ಬೆಲ್ಲ ತಿನ್ನುವ ಬಾಯಿ ಮೂರೂ ಒಬ್ಬನವೇ. ಆದರೆ ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಇನ್ನೊಂದು ಬಗೆಯ ವ್ಯಾಪಾರ ನಡೆದಿದೆ. ಅಲ್ಲಿ ರುಚಿ ನೋಡುವವನು ಒಬ್ಬ, ದುಡ್ಡು ತೆರುವವನು ಮತ್ತೊಬ್ಬ. ತೆತ್ತವನಿಗೆ ಅಂಗಡಿಯ ಹೊಸ್ತಿಲು ದಾಟಲೂ ಅಪ್ಪಣೆಯಿಲ್ಲ.

ವಿಷಯ ಇಷ್ಟೆ. ವಿಜ್ಞಾನ, ವೈದ್ಯ, ಕೃಷಿ, ಕಾನೂನು ಮುಂತಾದ ವಿಷಯಗಳಲ್ಲಿ ವಿದ್ವಾಂಸರು ಬರೆಯುವ ಸಂಶೋಧನಾ ಲೇಖನಗಳು ಈಗ ಹೆಚ್ಚಾಗಿ ಕಾಗದದಲ್ಲಿ ಬರುವುದಿಲ್ಲ. ಗಣಕಯಂತ್ರದ ಪರದೆಯ ಮೇಲೆ ಬರುತ್ತವೆ. ಅವುಗಳ ಬೀಗದ ಕೈ ಇರುವುದು ಹೊರದೇಶದ ಕೆಲವು ದೊಡ್ಡ ಪ್ರಕಾಶನ ಕಂಪನಿಗಳ ಕೈಯಲ್ಲಿ. ಹೊಸ ಭಂಡಾರವೊಂದನ್ನು ಮಾರಬೇಕಾದಾಗ ಕಂಪನಿಯವರು ಅದನ್ನು ಒಂದು ತಿಂಗಳೋ ಎರಡು ತಿಂಗಳೋ ಗ್ರಂಥಾಲಯಕ್ಕೆ ಪುಕ್ಕಟೆಯಾಗಿ ತೆರೆದಿಡುತ್ತಾರೆ. ಇದಕ್ಕೆ ಟ್ರಯಲ್ ಎಂದು ಹೆಸರು. ಆ ಅವಧಿಯಲ್ಲಿ ಎಷ್ಟು ಜನ ತೆರೆದರು, ಎಷ್ಟು ಪುಟ ಇಳಿಸಿಕೊಂಡರು ಎಂದು ಯಂತ್ರ ಎಣಿಸುತ್ತದೆ. ಅವಧಿ ಮುಗಿದ ದಿನ ಬಾಗಿಲು ಮುಚ್ಚುತ್ತದೆ. ಅಷ್ಟರಲ್ಲಿ ರುಚಿ ಹತ್ತಿದ ಅಧ್ಯಾಪಕರು 'ಬೇಕೇ ಬೇಕು' ಎನ್ನುತ್ತಾರೆ, ಕಂಪನಿಯವರು ಬೆಲೆ ಹೇಳುತ್ತಾರೆ.

ಗಿರಣಿಯಲ್ಲಿ ಮೂಟೆ ಹೊರುವವನಿಗೂ, ಗಲ್ಲಿಯಲ್ಲಿ ಕಿರಾಣಿ ಅಂಗಡಿ ಇಟ್ಟವನಿಗೂ ಇದರಿಂದ ಏನಾಗಬೇಕು ಎಂದು ವಾಚಕರು ಕೇಳಬಹುದು. ಆಗಬೇಕಾದದ್ದು ಬಹಳವಿದೆ. ಮೊದಲು ಲೆಕ್ಕ ನೋಡೋಣ.

2024ರ ನವೆಂಬರ್ 25ರಂದು ಕೇಂದ್ರ ಮಂತ್ರಿಮಂಡಲ 'ಒಂದು ದೇಶ, ಒಂದು ಚಂದಾ' ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025, 2026, 2027 ಈ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು, 6,300ಕ್ಕೂ ಹೆಚ್ಚು ಸರಕಾರಿ ವಿದ್ಯಾಸಂಸ್ಥೆಗಳು ಮತ್ತು ಸಂಶೋಧನಾ ಸಂಸ್ಥೆಗಳು, ಅಲ್ಲಿ ಓದುವ ಹಾಗೂ ಕಲಿಸುವ ಸುಮಾರು 1.8 ಕೋಟಿ ಜನ. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಎಂಬ ಸರಕಾರಿ ಕೇಂದ್ರ ಇದನ್ನು ನಡೆಸುತ್ತದೆ. ಬಳ್ಳಾರಿಯಲ್ಲಿ 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಂಥ ರಾಜ್ಯ ಸರಕಾರದ ವಿಶ್ವವಿದ್ಯಾಲಯಗಳೂ ಈ ವ್ಯಾಪ್ತಿಗೆ ಸೇರುತ್ತವೆ.

ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು. ದಿಲ್ಲಿ ಬೊಂಬಾಯಿಗಳ ಶ್ರೀಮಂತ ಸಂಸ್ಥೆಗಳಿಗೆ ಮಾತ್ರ ಎಟುಕುತ್ತಿದ್ದ ಪತ್ರಿಕೆಗಳು ಬಳ್ಳಾರಿಯ ಬಡ ವಿದ್ಯಾರ್ಥಿಗೂ ದೊರೆಯುವುದು ಸಣ್ಣ ಮಾತಲ್ಲ. ಒಂದೊಂದು ಗ್ರಂಥಾಲಯವೂ ಬೇರೆ ಬೇರೆಯಾಗಿ ಚೌಕಾಸಿ ಮಾಡಿ ಸೋಲುವುದಕ್ಕಿಂತ ದೇಶವೇ ಒಂದಾಗಿ ಬೆಲೆ ಕೇಳುವುದು ಸರಿ. ಸಂಘ ಕಟ್ಟಿ ಕೂಲಿ ಕೇಳುವ ಕಾರ್ಮಿಕನಿಗೆ ಈ ನ್ಯಾಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಈ 6,000 ಕೋಟಿ ಎಲ್ಲಿಂದ ಬಂತು? ದೇಶದ 140 ಕೋಟಿ ಜನರ ಮೇಲೆ ಹಂಚಿದರೆ ತಲೆಗೆ ಸುಮಾರು 43 ರೂಪಾಯಿ ಬೀಳುತ್ತದೆ. ಸಿರುಗುಪ್ಪ ತಾಲ್ಲೂಕಿನ ದೇಶನೂರಿನಲ್ಲಿ ಭತ್ತದ ಸಸಿ ನಾಟಿ ಮಾಡುವ ಹೆಂಗಸೂ, ಕಬ್ಬು ಕಡಿಯುವ ಗಂಡಸೂ, ತೊಟ್ಟಿಲಲ್ಲಿ ಮಲಗಿದ ಕೂಸೂ ಈ 43 ರೂಪಾಯಿಯ ಲೆಕ್ಕದಲ್ಲಿ ಸೇರಿದ್ದಾರೆ. ಕೊಳ್ಳುವ ಸೋಪಿನ ಬಿಲ್ಲೆಯ ಮೇಲೆ, ಹಾಕುವ ಚಪ್ಪಲಿಯ ಮೇಲೆ ತೆರಿಗೆ ಕೊಟ್ಟವರು ಇವರೇ. ಓದುವ ಹಕ್ಕು ಮಾತ್ರ 1.8 ಕೋಟಿ ಜನಕ್ಕೆ. ಉಳಿದವರಿಗೆ?

ಉಳಿದವರನ್ನು ಮರೆತಿಲ್ಲ ಎನ್ನುತ್ತಾರೆ. ಯೋಜನೆಯ ರೂಪುರೇಷೆಯಲ್ಲಿ ಮೂರು ಹಂತಗಳಿವೆ. ಮೊದಲ ಹಂತ ಸರಕಾರಿ ಸಂಸ್ಥೆಗಳಿಗೆ. ಎರಡನೆಯದು ಖಾಸಗಿ ಕಾಲೇಜುಗಳಿಗೆ. ಮೂರನೆಯದು ಸಾರ್ವಜನಿಕ ಗ್ರಂಥಾಲಯಗಳ ಮೂಲಕ ಎಲ್ಲ ಪ್ರಜೆಗಳಿಗೆ. ಬಡವನ ಸರದಿ ಯಾವಾಗಲೂ ಮೂರನೆಯ ಹಂತದಲ್ಲೇ ಏಕೆ ಬರುತ್ತದೆ? ತೆರಿಗೆ ವಸೂಲಿ ಮಾಡುವಾಗ ಮಾತ್ರ ಅವನು ಮೊದಲ ಹಂತದಲ್ಲೇ ನಿಂತಿರುತ್ತಾನಲ್ಲ!

ಈಗ ಕಂಪನಿಗಳ ವ್ಯಾಪಾರದ ಬಗೆಯನ್ನು ನೋಡೋಣ. ಲೇಖನ ಬರೆಯುವವನು ಅಧ್ಯಾಪಕ. ಬಹುಪಾಲು ಅವನ ಸಂಬಳ ಸರಕಾರದ್ದು. ಲೇಖನ ಸರಿಯೇ ತಪ್ಪೇ ಎಂದು ಪರೀಕ್ಷಿಸುವವನು ಇನ್ನೊಬ್ಬ ಅಧ್ಯಾಪಕ. ಆ ಕೆಲಸಕ್ಕೆ ಸಾಮಾನ್ಯವಾಗಿ ಅವನಿಗೆ ಬಿಡಿಗಾಸೂ ಇಲ್ಲ. ಹೀಗೆ ಪುಕ್ಕಟೆಯಾಗಿ ಬಂದ ಕಚ್ಚಾ ಮಾಲನ್ನು ಕಂಪನಿ ಅಚ್ಚುಕಟ್ಟು ಮಾಡಿ, ಅದನ್ನು ಕೊಟ್ಟ ವಿಶ್ವವಿದ್ಯಾಲಯಕ್ಕೇ ಚಂದಾ ಹಣಕ್ಕೆ ಮಾರುತ್ತದೆ. ರೈತನಿಂದ ಭತ್ತವನ್ನು ಪುಕ್ಕಟೆ ಪಡೆದು, ಅಕ್ಕಿ ಮಾಡಿ, ಅದೇ ರೈತನಿಗೆ ತನಗೆ ತೋಚಿದ ಬೆಲೆಗೆ ಮಾರುವ ಗಿರಣಿ ಸಿರುಗುಪ್ಪದಲ್ಲಿ ಒಂದಾದರೂ ಇದೆಯೇ? ಇಟ್ಟಿದ್ದರೆ ಜನ ಸುಮ್ಮನಿರುತ್ತಿದ್ದರೇ? ಈ ಪ್ರಕಾಶಕರಲ್ಲಿ ದೊಡ್ಡದಾದ ಎಲ್ಸೆವಿಯರ್ ಕಂಪನಿಯ ಒಡೆತನ ಹೊಂದಿದ ರೆಲೆಕ್ಸ್ ಸಂಸ್ಥೆ 2023ರಲ್ಲಿ ತನ್ನ ವಿಜ್ಞಾನ ವೈದ್ಯ ವಿಭಾಗದಲ್ಲಿ ನೂರು ರೂಪಾಯಿ ವಹಿವಾಟಿಗೆ ಸುಮಾರು 38 ರೂಪಾಯಿ ಲಾಭ ತೋರಿಸಿತು. ನಮ್ಮ ಕಿರಾಣಿ ವರ್ತಕರು ನೂರಕ್ಕೆ ಎಷ್ಟು ಉಳಿಯುತ್ತದೆಂದು ತಮ್ಮ ಖಾತೆ ಪುಸ್ತಕ ತೆರೆದು ಹೋಲಿಸಿ ನೋಡಲಿ.

ಇನ್ನೊಂದು ತಂತ್ರ ಗೊಬ್ಬರದ ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ಯೂರಿಯಾ ಬೇಕಾದರೆ ಬೇಡದ ಔಷಧದ ಡಬ್ಬಿಗಳನ್ನೂ ಎತ್ತಬೇಕೆಂದು ಮೇಲಿನವರು ಒತ್ತಾಯಿಸುತ್ತಾರೆ. ಅಂಗಡಿಯವನು ಅದನ್ನು ರೈತನ ತಲೆಗೆ ಕಟ್ಟಬೇಕಾಗುತ್ತದೆ. ಪ್ರಕಾಶಕರೂ ಅದನ್ನೇ ಮಾಡುತ್ತಾರೆ. ಬೇಕಾದ ಹತ್ತು ಪತ್ರಿಕೆಗಳ ಜೊತೆ ಬೇಡದ ನೂರು ಪತ್ರಿಕೆಗಳ ಕಟ್ಟು. ಬಿಡಿಯಾಗಿ ಕೊಂಡರೆ ಕಟ್ಟಿಗಿಂತ ದುಬಾರಿ. ಅಷ್ಟು ಹಣ ತೆತ್ತರೂ ಸರಕು ನಿಮ್ಮದಾಗುವುದಿಲ್ಲ. ಕೊಂಡ ಪುಸ್ತಕ ಬೀರುವಿನಲ್ಲಿ ಉಳಿಯುತ್ತದೆ. ಇದು ಬಾಡಿಗೆ ಮಳಿಗೆ. ಚಂದಾ ನಿಂತ ದಿನ ಹೊಸ ಸಂಚಿಕೆ ನಿಲ್ಲುತ್ತದೆ, ಹಳೆಯದು ಎಷ್ಟು ಉಳಿಯುವುದೆಂಬುದು ಕರಾರು ಪತ್ರದ ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತದೆ. 2027 ಮುಗಿದ ಮೇಲೆ ಬಾಡಿಗೆ ಏರಿಸಿದರೆ ಏನು ಮಾಡುವುದು?

ಪಂಡಿತರ ಒಂದು ಆಕ್ಷೇಪಣೆ ಸದಾ ಸಿದ್ಧವಾಗಿರುತ್ತದೆ: 'ಕೂಲಿಯವರು ಸಂಶೋಧನಾ ಪತ್ರಿಕೆ ಓದುತ್ತಾರೆಯೇ?' ಈ ಪ್ರಶ್ನೆಗೆ ಬಳ್ಳಾರಿಯಿಂದಲೇ ಉತ್ತರ ಕೊಡಬೇಕು.

ಬಳ್ಳಾರಿ ಜೀನ್ಸ್ ಹೊಲಿಯುವ ಊರು. ಮನೆಮನೆಯಲ್ಲೂ ಹೊಲಿಗೆ ಯಂತ್ರ ಓಡುವ ಓಣಿಗಳು ಇಲ್ಲಿವೆ. ತುರ್ಕಿ ದೇಶದಲ್ಲಿಯೂ ಇಂಥ ಊರುಗಳಿವೆ. ಹೊಸ ಪ್ಯಾಂಟಿಗೆ ಹಳೆಯದರ ಬಣ್ಣ ಬರಲೆಂದು ಅಲ್ಲಿ ಬಟ್ಟೆಯ ಮೇಲೆ ಮರಳನ್ನು ಜೋರಾಗಿ ಊದುತ್ತಿದ್ದರು. ಆ ಧೂಳನ್ನು ಉಸಿರಾಡಿದ ಹರೆಯದ ಹುಡುಗರಿಗೆ ಗಣಿಯವರಿಗೆ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಬಂತು, ಹಲವರು ಸತ್ತರು. ವೈದ್ಯರು ಪತ್ತೆ ಹಚ್ಚಿ ಬರೆದರು, ಕಾರ್ಮಿಕರು ಹೋರಾಡಿದರು, 2009ರಲ್ಲಿ ತುರ್ಕಿ ಸರಕಾರ ಆ ಕೆಲಸವನ್ನೇ ನಿಷೇಧಿಸಿತು. ವೈದ್ಯರ ಬರಹ ಕಾರ್ಮಿಕರ ಕೈಗೆ ಆಯುಧವಾದ ಬಗೆ ಇದು. ಹತ್ತಿ ಗಿರಣಿಯ ರೋಗದ ಮಾತೂ ಇದೇ. ವಾರದ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಬಂದವನಿಗೆ ಎದೆ ಬಿಗಿಯುತ್ತದೆ. ಅವನು ರಾತ್ರಿಯ ತಂಗಾಳಿಯನ್ನು ಬಯ್ಯುತ್ತಾನೆ. ಅದು ತಂಗಾಳಿಯಲ್ಲ, ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ರೋಗದ ಗುರುತು ಎಂದು ವೈದ್ಯರು ಎಂದೋ ಬರೆದಿಟ್ಟಿದ್ದಾರೆ. ಎಲ್ಲಿ ಬರೆದಿಟ್ಟಿದ್ದಾರೆ? ಇಂಥ ಪತ್ರಿಕೆಗಳಲ್ಲಿ.

ಇಂಥ ಒಂದು ಲೇಖನವನ್ನು ಹುಡುಕಿಕೊಂಡು ಈ ಸಾಲುಗಳನ್ನು ಬರೆಯುವವನು ಒಮ್ಮೆ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿದ್ದ. ಒಳಗೆ ಹೊಸ ಭಂಡಾರವೊಂದರ ಟ್ರಯಲ್ ನಡೆದಿತ್ತು. ಯಂತ್ರಗಳ ಮುಂದಿನ ಕುರ್ಚಿಗಳು ಮುಕ್ಕಾಲು ಪಾಲು ಖಾಲಿ. ಬಾಗಿಲಲ್ಲಿ ಗುರುತಿನ ಚೀಟಿ ಕೇಳಿದರು. ಇಲ್ಲವೆಂದಾಗ, 'ಒಳಗಿನವರಿಗೆ ಮಾತ್ರ' ಎಂಬ ಉತ್ತರ ಬಂತು. ಆ ನೌಕರನನ್ನು ದೂರುವುದಿಲ್ಲ. ಅವನೂ ದಿನಗೂಲಿಯವನು, ಮೇಲಿನವರ ಮಾತು ಪಾಲಿಸಿದ. ಹಿಂತಿರುಗಿ ಬಂದು ಕಂಪನಿಯ ತಾಣದಲ್ಲಿ ನೋಡಿದರೆ ಒಂದು ಲೇಖನಕ್ಕೆ 30 ಡಾಲರಿಗೂ ಮೇಲೆ, ಎಂದರೆ ಎರಡೂವರೆ ಸಾವಿರ ರೂಪಾಯಿಗೂ ಹೆಚ್ಚು. ಹತ್ತು ಪುಟದ ಬರಹಕ್ಕೆ ಹೊಲಿಗೆಯವನ ಎಷ್ಟು ದಿನದ ಕೂಲಿ?

ಟ್ರಯಲ್ಲಿನ ನಿಜವಾದ ದೋಷ ಇರುವುದು ಇಲ್ಲಿ. ಯಂತ್ರ ಒಳಗೆ ಕೂತವರ ಬೆರಳನ್ನು ಎಣಿಸುತ್ತದೆ, ಬಾಗಿಲಿನಿಂದ ಹಿಂದೆ ಕಳಿಸಿದವರನ್ನು ಎಣಿಸುವುದಿಲ್ಲ. ಬಳಕೆ ಕಡಮೆಯಾದರೆ 'ಈ ಭಾಗದ ಜನಕ್ಕೆ ಬೇಕಾಗಿಲ್ಲ' ಎಂಬ ಷರಾ ಬೀಳುತ್ತದೆ. ಕೂಲಿಯವನ ಮಾತು ಬಿಡಿ. ದರ್ಜಿಯ ಮಗಳು ಸಾಲ ಮಾಡಿ ಎಂ.ಎಸ್‌ಸಿ. ಮುಗಿಸಿ ಊರಿಗೆ ಬಂದ ದಿನವೇ ಅವಳ ಗುರುತಿನ ಚೀಟಿ ಸತ್ತುಹೋಗುತ್ತದೆ. ಸಣ್ಣ ದವಾಖಾನೆಯ ವೈದ್ಯ, ಕಾರ್ಮಿಕ ಸಂಘದ ಕಾರ್ಯದರ್ಶಿ, ಖಾಸಗಿ ಕಾಲೇಜಿನ ಬಡ ಅಧ್ಯಾಪಕ ಎಲ್ಲರೂ ಹೊರಗಿನವರೇ.

ಹೊರಗಿನವರು ಹಿಂಬಾಗಿಲು ಹುಡುಕಿದರೆ ಕೋರ್ಟು ತೋರಿಸುತ್ತಾರೆ. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಎಂಬ ಮೂವರು ದೊಡ್ಡ ಪ್ರಕಾಶಕರು ಸೇರಿ ದಿಲ್ಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಜೆರಾಕ್ಸ್ ಅಂಗಡಿಯ ಮೇಲೆ ದಾವೆ ಹೂಡಿದರು. ವಿದ್ಯಾರ್ಥಿಗಳಿಗೆ ಪಾಠದ ಪುಟಗಳನ್ನು ಅಚ್ಚು ತೆಗೆದುಕೊಟ್ಟದ್ದೇ ಆ ಸಣ್ಣ ವರ್ತಕನ ಅಪರಾಧ. 2016ರ ಸೆಪ್ಟೆಂಬರಿನಲ್ಲಿ ದಿಲ್ಲಿ ಹೈಕೋರ್ಟು ಪಾಠಕ್ಕಾಗಿ ಹಾಗೆ ಮಾಡುವುದು ತಪ್ಪಲ್ಲವೆಂದು ತೀರ್ಪಿತ್ತಿತು. 2017ರಲ್ಲಿ ಪ್ರಕಾಶಕರು ಹಿಂದೆ ಸರಿದರು. ವಿದ್ಯಾರ್ಥಿಗಳೂ ಅಧ್ಯಾಪಕರೂ ಅಂಗಡಿಯವನ ಬೆನ್ನಿಗೆ ನಿಂತದ್ದರಿಂದ ಬಂದ ಜಯವಿದು. ಆದರೆ 2020ರಲ್ಲಿ ಬೇರೆ ಪ್ರಕಾಶಕರು ಬಂದರು. ಸೈ-ಹಬ್ ಎಂಬ ತಾಣ ಲೇಖನಗಳನ್ನು ಪುಕ್ಕಟೆ ಹಂಚುತ್ತಿದೆಯೆಂದು ಅದೇ ಹೈಕೋರ್ಟಿಗೆ ಹೋದರು. 2025ರ ಆಗಸ್ಟಿನಲ್ಲಿ ಆ ತಾಣವನ್ನು ದೇಶದಲ್ಲಿ ತಡೆಯುವಂತೆ ಆಜ್ಞೆಯಾಯಿತು. ಹಿಂಬಾಗಿಲು ಮುಚ್ಚಿತು, ಸರಿ. ಮುಂಬಾಗಿಲು ತೆರೆಯುವುದು ಯಾವಾಗ?

ಬೇರೆ ದಾರಿ ಇಲ್ಲವೆಂಬುದು ಸುಳ್ಳು. ಬ್ರೆಜಿಲ್ ದೇಶ 1990ರ ದಶಕದ ಕೊನೆಯಲ್ಲೇ ಸಾರ್ವಜನಿಕ ಹಣದಿಂದ ಸೈಲೋ ಎಂಬ ಭಂಡಾರ ಕಟ್ಟಿ ತನ್ನ ಪತ್ರಿಕೆಗಳನ್ನು ಲೋಕಕ್ಕೆಲ್ಲ ಪುಕ್ಕಟೆ ತೆರೆದಿಟ್ಟಿತು. ಅಷ್ಟು ದೂರ ಏಕೆ? 1934ರಲ್ಲಿ ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಪತ್ರಿಕೆಗಳನ್ನು ಯಾರು ಬೇಕಾದರೂ ಓದಲೆಂದು ತೆರೆದಿದೆ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನಿಟ್ಟ 'ಶೋಧಗಂಗಾ' ಭಂಡಾರಕ್ಕೆ ಬೀಗವಿಲ್ಲ. ಅದನ್ನು ನಡೆಸುವುದೂ ಅದೇ ಗಾಂಧಿನಗರದ ಕೇಂದ್ರವೇ. ಸರಕಾರದ ವಿಜ್ಞಾನ ಇಲಾಖೆಗಳು ತಮ್ಮ ಹಣದಿಂದ ನಡೆದ ಸಂಶೋಧನೆಯ ಲೇಖನ ಎಲ್ಲರಿಗೂ ಸಿಗಬೇಕೆಂದು 2014ರಲ್ಲೇ ನೀತಿ ಬರೆದಿವೆ. ಬರೆದದ್ದನ್ನು ನಡೆಸಲು ಮಾತ್ರ ಕೈ ಬರಲಿಲ್ಲ.

ನಾವು ಭಿಕ್ಷೆ ಬೇಡುತ್ತಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಪ್ರಕಾರ ಪಟ್ಟಣದಲ್ಲಿ ಅಂಗಡಿ ಮನೆ ಇರುವವನು ಆಸ್ತಿ ತೆರಿಗೆಯ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ತೆರುತ್ತಾನೆ. 1,000 ರೂಪಾಯಿ ಕಂದಾಯಕ್ಕೆ 60 ರೂಪಾಯಿ. ಹಳ್ಳಿಗಳಲ್ಲಿ 'ಅರಿವು ಕೇಂದ್ರ'ಗಳೆಂದು ಹೆಸರು ಪಡೆದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ರಾಜ್ಯದಲ್ಲಿ 5,000ಕ್ಕೂ ಹೆಚ್ಚಿವೆ; ಎಷ್ಟೋ ಕಡೆ ಗಣಕಯಂತ್ರವೂ ಬಂದಿದೆ. ಕಟ್ಟಡವಿದೆ, ಯಂತ್ರವಿದೆ, ತೆತ್ತ ಹಣವಿದೆ. ಇಲ್ಲದ್ದು ಅಪ್ಪಣೆಯೊಂದೇ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಒಂದು: ಸರಕಾರಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬಂದು ಕೂತು ಓದುವ ಯಾವ ಪ್ರಜೆಗೂ ಅಡ್ಡಿ ಇರಕೂಡದು. ಬ್ರಿಟನ್ನಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಹೊರಗಿನ ಓದುಗ ನಡೆದುಬಂದು ಓದಲು ಪ್ರಕಾಶಕರ ಕರಾರಿನಲ್ಲೇ ಅವಕಾಶವಿದೆ. ಅಲ್ಲಿ ಆಗುವುದು ಇಲ್ಲಿ ಏಕಾಗದು? ಎರಡು: ಮೂರನೆಯ ಹಂತದ ತಾರೀಖನ್ನು ಸರಕಾರ ಈಗಲೇ ಸಾರಬೇಕು, 2027ರ ನಂತರದ ಕರಾರಿನಲ್ಲಿ ಜಿಲ್ಲಾ ಗ್ರಂಥಾಲಯವೂ ಅರಿವು ಕೇಂದ್ರವೂ ಮೊದಲ ಸಾಲಿನಲ್ಲಿರಬೇಕು. ಮೂರು: ಯಾವ ಕಂಪನಿಗೆ ಎಷ್ಟು ಕೊಟ್ಟರೆಂಬ ಲೆಕ್ಕ ಜನರ ಮುಂದಿರಬೇಕು. ನಾಲ್ಕು: ಟ್ರಯಲ್ ನಡೆಯುವಾಗ ಊರಿನ ವೈದ್ಯರನ್ನೂ ಕಾರ್ಮಿಕ ಸಂಘಗಳನ್ನೂ ರೈತರನ್ನೂ ಒಳಗೆ ಕರೆಯಬೇಕು, ಅವರ ಪ್ರಶ್ನೆಗೆ ಉತ್ತರ ಸಿಕ್ಕಿತೇ ಎಂಬುದೂ ಪರೀಕ್ಷೆಯಲ್ಲಿ ಸೇರಬೇಕು. ಐದು: ಬೀಗ ತೆಗೆದರೂ ಒಳಗಿರುವುದು ಇಂಗ್ಲಿಷು. ಧೂಳು, ಬಣ್ಣ, ನೀರು, ಬೆಳೆ ಇವುಗಳಿಗೆ ಸಂಬಂಧಪಟ್ಟ ಲೇಖನಗಳ ಸಾರವನ್ನು ಕನ್ನಡದಲ್ಲಿ ಕೊಡುವ ಕೆಲಸ ವಿಶ್ವವಿದ್ಯಾಲಯದ್ದು. ಜನರ ಉಪ್ಪು ತಿಂದ ವಿದ್ಯೆ ಜನರ ಮಾತಿನಲ್ಲಿ ಋಣ ತೀರಿಸಬೇಕು.

ಬೆಲ್ಲದ ಚೂರನ್ನು ಯಾರ ನಾಲಿಗೆಗಾದರೂ ಇಡಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಪೂರ್ತಿ ಅಚ್ಚಿಗೆ ದುಡ್ಡು ಕೊಟ್ಟವರು ನಾವು. ದೇಶನೂರಿನ ಹುಡುಗನೊಬ್ಬ ತನ್ನ ಊರಿನ ಗ್ರಂಥಾಲಯದಲ್ಲಿ ಕೂತು, ತನ್ನಪ್ಪನ ಎದೆಬಿಗಿತದ ಹೆಸರೇನೆಂದು ತಾನೇ ಓದಿ ತಿಳಿಯುವ ದಿನ ಬರುವವರೆಗೆ ಈ ವ್ಯಾಪಾರದ ಲೆಕ್ಕ ಚುಕ್ತಾ ಆಗಿಲ್ಲ.