ಕೊನೆಯ ನುಡಿ ಕೇಳಿಸಿಕೊಳ್ಳಿ

ಮೊನ್ನೆ ರಾತ್ರಿ ಧಾರಾವಾಹಿ ನಡುವೆ ಜಾಹೀರಾತು ಬಂತು. ಹಿಂದಿ ಸಿನಿಮಾದ ದೊಡ್ಡ ನಟ ಹೆಲಿಕಾಪ್ಟರ್‌ನಿಂದ ಇಳಿದ, ಕಪ್ಪು ಕನ್ನಡಕ ತೆಗೆದ, ಬಾಯಿಗೆ ಏನೋ ಹಾಕಿಕೊಂಡು ಮುಗುಳ್ನಕ್ಕ. ಮುಗೀತು.

"ಇವ ಏನ್ ಮಾರಾಕತ್ತಾನೋ?" ಅಂತ ಕೇಳಿದಳು ನಮ್ಮ ಅವ್ವ.

"ಏಲಕ್ಕಿ, ಅವ್ವಾ."

"ಏಲಕ್ಕಿ ಮಾರಾಕ ಇಷ್ಟೆಲ್ಲಾ ಬೇಕೇನ? ಹಾವೇರ್ಯಾಗ ಏಲಕ್ಕಿ ಹಾರ ಮಾಡೋರು ಎಷ್ಟ್ ವರ್ಷದಿಂದ ಮಾರಾಕತ್ತಾರ. ಅವರಿಗ್ಯಾರೂ ಹೆಲಿಕಾಪ್ಟರ್ ಕೊಟ್ಟಿಲ್ಲಲ್ಲ!"

ನಾವು ನಕ್ಕೆವು. ಆದರೆ ಪ್ರಶ್ನೆ ತಲೆಯಲ್ಲಿ ಉಳಿಯಿತು. ನಿಜಕ್ಕೂ ಆ ನಟ ಏನು ಮಾರುತ್ತಿದ್ದ?

ಉತ್ತರ ನಮ್ಮೂರ ಯಾವುದೇ ಪಾನ್ ಬೀಡಾ ಅಂಗಡಿಯಲ್ಲಿ ಸಿಗುತ್ತದೆ. ಏಲಕ್ಕಿಯ ಪೊಟ್ಟಣದ ಮೇಲೆ ಯಾವ ಹೆಸರಿದೆಯೋ ಅದೇ ಹೆಸರಿನ ಬೇರೆ ಪೊಟ್ಟಣಗಳೂ ಅಲ್ಲಿ ತೂಗಾಡುತ್ತಿರುತ್ತವೆ. ತಂಬಾಕಿನ ಜಾಹೀರಾತನ್ನು 2003ರ ಕಾಯ್ದೆ ನಿಷೇಧಿಸಿದೆ. ಹಾಗಾಗಿ ಹೆಸರನ್ನು ಏಲಕ್ಕಿಯ ಮೇಲೆ ಹೊರಿಸಿ ಟಿವಿಗೆ ಕಳಿಸುತ್ತಾರೆ. ನೋಡಿದವನು ಅಂಗಡಿಗೆ ಹೋಗಿ ಆ ಹೆಸರು ಹೇಳಿದರೆ ಸಾಕು, ಏನು ಕೊಡಬೇಕು ಅಂತ ಅಂಗಡಿಯವನಿಗೆ ಗೊತ್ತು. ಇಂಥ ಬದಲಿ ಜಾಹೀರಾತು ಮಾಡಬಾರದು ಅಂತ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದೇ ವರ್ಷ ಏಪ್ರಿಲ್‌ನಲ್ಲಿ ಅಕ್ಷಯ್ ಕುಮಾರ್ ಇಂಥದ್ದೊಂದು ಜಾಹೀರಾತಿನಲ್ಲಿ ಕಾಣಿಸಿಕೊಂಡು, ಜನ ಬೈದ ಮೇಲೆ ಕ್ಷಮೆ ಕೇಳಿ ಹಿಂದೆ ಸರಿದಿದ್ದರು. ಆದರೂ ಹೆಲಿಕಾಪ್ಟರ್ ಇಳಿಯುತ್ತಲೇ ಇದೆ.

ಊರಲ್ಲಿ ನಾವೆಲ್ಲ ದಿನಕ್ಕೆ ಮೂರು ಥರದ ಸರಕು ತಲೆಗೆ ಹಾಕಿಕೊಳ್ಳುತ್ತೇವೆ. ಟಿವಿಯ ಜಾಹೀರಾತು, ಟ್ರ್ಯಾಕ್ಟರ್ ಮೇಲಿನ ಜಾನಪದ ಹಾಡು, ಮೊಬೈಲಿನ ಫಾರ್ವರ್ಡ್. ಮೂರರ ಬಗ್ಗೆಯೂ ಕಟ್ಟೆ ಮೇಲೆ ಕೂತು ಬೇಕಾದಷ್ಟು ಮಾತಾಡುತ್ತೇವೆ. ನಮ್ಮದೂ ಒಂದಿಷ್ಟು ಮಾತಿದೆ.

ಮೊದಲು ಜಾಹೀರಾತು. ನಿಯಮದ ಪ್ರಕಾರ ಟಿವಿಯಲ್ಲಿ ಒಂದು ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರಬಾರದು. ಅದರಲ್ಲಿ 10 ನಿಮಿಷ ವ್ಯಾಪಾರದ್ದು, 2 ನಿಮಿಷ ಚಾನೆಲ್‌ನ ಸ್ವಂತ ಪ್ರಚಾರ. ಒಂದು ದಿನ ಗಡಿಯಾರ ಇಟ್ಟುಕೊಂಡು ನೀವೇ ಲೆಕ್ಕ ಹಾಕಿ ನೋಡಿ.

ಕನ್ನಡ ಚಾನೆಲ್‌ನಲ್ಲಿ ಬರುವ ಬಹಳಷ್ಟು ಜಾಹೀರಾತು ಹಿಂದಿಯಲ್ಲಿ ತಯಾರಾಗಿ ಕನ್ನಡ ದನಿ ಹಾಕಿಸಿಕೊಂಡು ಬಂದವು. ತುಟಿ ಒಂದು ಹೇಳುತ್ತದೆ, ದನಿ ಇನ್ನೊಂದು. "ನಿಮ್ಮ ಕೂದಲಿಗೆ ನೀಡಿ ರೇಷ್ಮೆಯಂಥ ಹೊಳಪು" ಅನ್ನುವ ಹೆಂಗಸನ್ನು ನಾವು ಯಾವ ಊರಲ್ಲೂ ಕಂಡಿಲ್ಲ. ಕೂದಲಿಗೆ ಎಣ್ಣೆ ಹಚ್ಚುತ್ತಾರೆ, ಹೊಳಪು ನೀಡುವುದಿಲ್ಲ. ಇದೆಲ್ಲ ನಗುವ ವಿಷಯ. ನಕ್ಕು ಬಿಡಬಹುದು.

ನಗಲಾಗದ್ದು ಜಾಹೀರಾತಿನ ಕೊನೆಯಲ್ಲಿ ಇರುತ್ತದೆ. ಅಲ್ಲೊಬ್ಬ ಒಂದೇ ಉಸಿರಿಗೆ ಏನೋ ಹೇಳಿ ಓಡಿಹೋಗುತ್ತಾನೆ. ಪ್ಲಾಟ್‌ಫಾರ್ಮ್ ಮೇಲೆ ನಿಂತವರ ಮುಂದೆ ನಿಲ್ಲದ ರೈಲು ಹೋದ ಹಾಗೆ. ಅಪಾಯ ಇರುವುದು ಅವನು ಹೇಳಿದ್ದರಲ್ಲೇ. ಹಣ ಕಟ್ಟಿ ಆಡುವ ಆಟಗಳ ಜಾಹೀರಾತಿನಲ್ಲಿ "ಹಣ ಕಳೆದುಕೊಳ್ಳಬಹುದು, ಚಟವಾಗಬಹುದು" ಅಂತ ಎಚ್ಚರಿಸಲೇಬೇಕು ಅಂತ ಜಾಹೀರಾತು ಉದ್ಯಮದ್ದೇ ಮಂಡಳಿ 2020ರ ಕೊನೆಯಲ್ಲಿ ನಿಯಮ ಮಾಡಿತ್ತು. ಎಚ್ಚರಿಸಿದರು, ಸುಳ್ಳಲ್ಲ. ಆದರೆ ಗೆದ್ದವನ ನಗು ಇಪ್ಪತ್ತೈದು ಸೆಕೆಂಡು, ಸೋತವನ ಪಾಲಿನ ಮಾತು ಮೂರು ಸೆಕೆಂಡು.

ನಮ್ಮ ಪಕ್ಕದ ಓಣಿಯ ಹುಡುಗನೊಬ್ಬ ಆ ಮೂರು ಸೆಕೆಂಡು ಕೇಳಿಸಿಕೊಳ್ಳಲಿಲ್ಲ. ಗೋವಿನಜೋಳ ಮಾರಿದ ದುಡ್ಡು ಅಪ್ಪನ ಖಾತೆಯಲ್ಲಿತ್ತು. ಅಪ್ಪನಿಗೆ ಫೋನ್ ಬಳಸಲು ಬರುವುದಿಲ್ಲ, ವ್ಯವಹಾರವೆಲ್ಲ ಮಗನದೇ. ಮೊದಲ ದಿನ ಇನ್ನೂರು ರೂಪಾಯಿ ಗೆದ್ದ. ಹದಿನೈದು ದಿನದಲ್ಲಿ ಬೀಜ ಗೊಬ್ಬರದ ಅಂಗಡಿಯ ಬಾಕಿಗೆ ಇಟ್ಟಿದ್ದ ದುಡ್ಡೂ ಹೋಯಿತು. ಅಪ್ಪ ಬೈಯಲಿಲ್ಲ. ಎರಡು ದಿನ ಊಟ ಬಿಟ್ಟು ಹೊಲದಲ್ಲೇ ಕೂತಿದ್ದ. ನಾವು ಸುದ್ದಿ ಬರೆಯಲು ಹೋಗಿ, ಬರೆಯದೆ ವಾಪಸ್ ಬಂದೆವು.

ಕರ್ನಾಟಕ 2021ರಲ್ಲಿ ಇಂಥ ಆಟ ನಿಷೇಧಿಸಿ ಕಾನೂನು ತಂದಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನೂ ಅದರ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆ ಮಾಡಿತು. ಒಳ್ಳೆಯದೇ. ಆದರೆ ಆ ಗೋವಿನಜೋಳದ ದುಡ್ಡು ವಾಪಸ್ ಬರಲಿಲ್ಲ.

ಈಗ ಹಾಡಿಗೆ ಬರೋಣ. ಟ್ರ್ಯಾಕ್ಟರ್‌ಗೆ ದೊಡ್ಡ ಸ್ಪೀಕರ್ ಕಟ್ಟಿಕೊಂಡು ಹೋಗುವ ಹುಡುಗರನ್ನು ಕಂಡರೆ ಹಿರಿಯರು ಬೈಯುತ್ತಾರೆ. "ಇದೂ ಒಂದು ಜಾನಪದ ಏನು? ಬರೀ ಡ್ರೈವರ್ರು, ಲವ್ವರ್ರು" ಅನ್ನುತ್ತಾರೆ. ನಾವು ಈ ವಿಷಯದಲ್ಲಿ ಹುಡುಗರ ಪರ. ಸೌಂಡ್ ವಿಷಯ ಬಿಡಿ, ರಾತ್ರಿ ಹತ್ತರ ಮೇಲೆ ಹಚ್ಚಬಾರದು ಅಂತ ಕಾನೂನೇ ಇದೆ, ಅದು ಸರಿ. ಹಾಡಿನ ಮಾತು ಬೇರೆ. ವಿಜಯಪುರ, ಬಾಗಲಕೋಟೆ ಕಡೆ ಹರದೇಶಿ–ನಾಗೇಶಿ ಹಾಡಿಕೆಯಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ರಾತ್ರಿಯಿಡೀ ಜಿದ್ದಿಗೆ ಬಿದ್ದು ಹಾಡುತ್ತಿದ್ದರು, ಇಂದಿಗೂ ಹಾಡುತ್ತಾರೆ. ಅಲ್ಲಿಯ ಚುಡಾಯಿಕೆಯ ಮುಂದೆ ಈಗಿನ ಹಾಡು ಸಪ್ಪೆ. ಕಬ್ಬಿನ ಲೋಡು, ಜೆಸಿಬಿ, ಬಸ್ ಸ್ಟ್ಯಾಂಡು, ಮಾತಾಡದೇ ಹೋದ ಹುಡುಗಿ, ಇವೆಲ್ಲ ನಮ್ಮ ಊರಿನವೇ. ತುಟಿ ಮತ್ತು ದನಿ ಎರಡೂ ಕೂಡಿ ಬರುವುದು ನಮಗೆ ಈ ಹಾಡುಗಳಲ್ಲೇ ಕಾಣುತ್ತದೆ.

ನಮ್ಮ ಹಾವೇರಿ ಜಿಲ್ಲೆಯವರೇ ಆದ ಹನುಮಂತ ಲಮಾಣಿ ಕುರಿ ಕಾಯುತ್ತ ಹಾಡುತ್ತಿದ್ದವರು. ಟಿವಿಯ ಹಾಡಿನ ಸ್ಪರ್ಧೆಯಿಂದ ಹೆಸರಾದರು, 2025ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದರು. ಅವರಿಗೆ ಹೆಸರು ಸಿಕ್ಕಿತು. ಎಲ್ಲರಿಗೂ ಸಿಗುವುದಿಲ್ಲ, ಮತ್ತು ಅದಕ್ಕೆ ಒಂದು ಕಾರಣ ನಮ್ಮ ಕೈಯಲ್ಲೇ ಇದೆ.

ಈ ಹಾಡುಗಳಲ್ಲಿ ಬಹಳಷ್ಟನ್ನು ಪೂರ್ತಿ ಕೇಳಿ. ಕೊನೆಯ ನುಡಿಯಲ್ಲಿ ಬರೆದವನ ಹೆಸರು ಬರುತ್ತದೆ, ಊರು ಬರುತ್ತದೆ, ಕೆಲವೊಮ್ಮೆ ಗೆಳೆಯರ ಹೆಸರೂ ಬರುತ್ತದೆ. ಇದು ಇಂದು ನಿನ್ನೆಯ ರೂಢಿಯಲ್ಲ. ವಚನಕಾರರು ಅಂಕಿತ ಹಾಕುತ್ತಿದ್ದರು. ಶಿಶುನಾಳ ಶರೀಫರ ಪದಗಳ ಕೊನೆಗೆ ಶಿಶುನಾಳಧೀಶ ಬರುತ್ತಾನೆ. 'ಈ ಮಾತು ಇಲ್ಲಿಯದು, ಇದಕ್ಕೆ ನಾನು ಜವಾಬ್ದಾರ' ಅನ್ನುವ ಸಹಿ ಅದು. ಟ್ರ್ಯಾಕ್ಟರ್ ಹಾಡು ಬರೆಯುವ ಹುಡುಗ ಶಾಲೆಯಲ್ಲಿ ಅದನ್ನು ಓದಿ ಕಲಿತವನಲ್ಲ. ಭಜನೆ ಕೇಳುತ್ತ ಬೆಳೆದವನಿಗೆ ಅದು ತಾನೇ ಬಂದಿದೆ.

ಆದರೆ ನಾವು ರೀಲ್ಸ್‌ಗೆ ತೆಗೆದುಕೊಳ್ಳುವುದು ಮೂವತ್ತು ಸೆಕೆಂಡು. ಕುಣಿಯಲು ಬರುವ ಪಲ್ಲವಿ ಮಾತ್ರ. ಲಕ್ಷ ಜನ ಕುಣಿಯುತ್ತಾರೆ, ಬರೆದವನ ಹೆಸರು ಯಾರಿಗೂ ಕೇಳುವುದಿಲ್ಲ. ಬೇರೆ ಯಾರೋ ಡಿಜೆ ಮಿಕ್ಸ್ ಮಾಡಿ ತಮ್ಮ ಹೆಸರು ಹಾಕಿಕೊಳ್ಳುತ್ತಾರೆ. ದುಡ್ಡೂ ಅತ್ತ ಹೋಗುತ್ತದೆ. ಕೊನೆಯ ನುಡಿ ಕತ್ತರಿಸಿದರೆ ಹೋಗುವುದು ಹಾಡಿನ ಒಂದು ತುಂಡಲ್ಲ, ಒಬ್ಬನ ಹೆಸರು ಮತ್ತು ಅನ್ನ.

ಮೂರನೆಯದು ಫಾರ್ವರ್ಡ್. ಬೆಳಗಾದರೆ ಗುಲಾಬಿ ಹೂವು, ಸೂರ್ಯ, ಶುಭೋದಯ. ಇದರಿಂದ ಯಾರಿಗೂ ತೊಂದರೆ ಇಲ್ಲ, ಫೋನ್ ತುಂಬುತ್ತದೆ ಅಷ್ಟೆ. ಆಮೇಲೆ "ಈ ದೇವರ ಫೋಟೋ 11 ಜನರಿಗೆ ಕಳಿಸಿ, ಸಂಜೆಯೊಳಗೆ ಶುಭ ಸುದ್ದಿ." ಇದೂ ಹಳೆಯದೇ. ಮೊದಲು ಇದು ಕರಪತ್ರದಲ್ಲಿ ಬರುತ್ತಿತ್ತು, ಪ್ರತಿ ಮಾಡಿಸಿ ಹಂಚದಿದ್ದರೆ ಕೇಡು ಅನ್ನುತ್ತಿತ್ತು. ಪ್ರೆಸ್ಸಿನವನಿಗಾದರೂ ಲಾಭ ಇತ್ತು.

ನಗು ನಿಲ್ಲುವುದು ಇಲ್ಲಿ. 2018ರಲ್ಲಿ ಒಂದು ವಿಡಿಯೊ ಊರೂರು ತಿರುಗಿತು. ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ರಸ್ತೆಯಲ್ಲಿ ಹುಡುಗರು ಆಡುತ್ತಿದ್ದಾರೆ, ಬೈಕ್ ಮೇಲೆ ಇಬ್ಬರು ಬಂದು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. "ಮಕ್ಕಳ ಕಳ್ಳರು ಬಂದಿದ್ದಾರೆ, ಎಚ್ಚರ" ಅಂತ ಕೆಳಗೆ ಬರಹ.

ಅದು ಪಾಕಿಸ್ತಾನದ ಕರಾಚಿಯಲ್ಲಿ ಮಾಡಿದ ಜಾಹೀರಾತು. ಮಕ್ಕಳ ಬಗ್ಗೆ ಎಚ್ಚರ ಇರಲಿ ಅಂತ ಅಲ್ಲಿಯ ಒಂದು ಸೇವಾ ಸಂಸ್ಥೆ ಮಾಡಿಸಿದ್ದು. ಪೂರ್ತಿ ವಿಡಿಯೊದಲ್ಲಿ ಆ ಇಬ್ಬರೂ ವಾಪಸ್ ಬಂದು ಮಗುವನ್ನು ಇಳಿಸುತ್ತಾರೆ, ಮಗುವನ್ನು ಅಪಹರಿಸಲು ಒಂದು ಕ್ಷಣ ಸಾಕು ಅಂತ ಬರೆದ ಫಲಕ ತೋರಿಸುತ್ತಾರೆ. ಅದು ಕೊನೆಯ ನುಡಿ. ಯಾರೋ ಅದನ್ನು ಕತ್ತರಿಸಿದರು. ಮಕ್ಕಳನ್ನು ಕಾಪಾಡಲು ಮಾಡಿದ ಜಾಹೀರಾತು ಜನರನ್ನು ಕೊಲ್ಲುವ ಸುದ್ದಿಯಾಯಿತು.

ಆ ವರ್ಷ ಜುಲೈನಲ್ಲಿ ಹೈದರಾಬಾದಿನ ಕೆಲವು ಯುವಕರು ಬೀದರ್ ಜಿಲ್ಲೆಯ ಗೆಳೆಯನ ಮನೆಗೆ ಬಂದಿದ್ದರು. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟೇ ಅವರ ತಪ್ಪು. ಯಾರೋ ವಿಡಿಯೊ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರು. ಅವರ ಕಾರು ಮುರ್ಕಿ ಗ್ರಾಮ ಮುಟ್ಟುವ ಮೊದಲೇ ಸಂದೇಶ ಮುಟ್ಟಿತ್ತು. ರಸ್ತೆ ಅಡ್ಡಗಟ್ಟಿದರು, ಕಾರು ಪಲ್ಟಿಯಾಯಿತು, ಗುಂಪು ಹೊಡೆಯಿತು. ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟು ಬಿತ್ತು. 32 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಸತ್ತರು. ಬಂಧಿತರಲ್ಲಿ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಕೂಡ ಇದ್ದ.

ಹೊಡೆದವರು ರಾಕ್ಷಸರಲ್ಲ. ನಮ್ಮ ನಿಮ್ಮಂಥ ರೈತರು, ಹುಡುಗರು, ತಮ್ಮ ಮಕ್ಕಳಿಗೆ ಏನಾದರೂ ಆದೀತು ಅಂತ ಹೆದರಿದವರು. ನಮಗೆ ಭಯ ಆಗುವುದು ಅದಕ್ಕೇ. ಆ ದಿನ ಆ ಮೆಸೇಜು ನಮ್ಮೂರ ಗುಂಪಿಗೆ ಬಂದಿದ್ದರೆ ನಮ್ಮೂರಲ್ಲಿ ಏನಾಗುತ್ತಿತ್ತು? ನಮ್ಮೂರು ಬೇರೆ ಅಂತ ಎದೆ ತಟ್ಟಿ ಹೇಳಲು ನಮಗೆ ಧೈರ್ಯ ಇಲ್ಲ.

ಆ ಸಾವುಗಳ ನಂತರವೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದಿತು. 2020ರಿಂದ, ಬಹಳ ಸಲ ಸುತ್ತಿ ಬಂದ ಮೆಸೇಜನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಕಳಿಸಬಹುದು. ಅಂಥ ಮೆಸೇಜಿನ ಮೇಲೆ ಎರಡು ಬಾಣದ ಗುರುತು ಇರುತ್ತದೆ. ಬಹಳ ಜನ ಅದನ್ನು 'ಎಲ್ಲರೂ ಕಳಿಸಿದ್ದಾರೆ, ಹಾಗಾದರೆ ನಿಜ' ಅಂತ ಓದುತ್ತಾರೆ. ಅದರ ಅರ್ಥ ತಿರುಗುಮುರುಗು. ಕೈಯಿಂದ ಕೈಗೆ ದಾಟಿ ದಾಟಿ, ಮೊದಲು ಯಾರು ಹೇಳಿದರು ಅನ್ನುವುದೇ ಅಳಿಸಿಹೋಗಿದೆ ಅಂತ ಅರ್ಥ.

ಏಲಕ್ಕಿ ಪೊಟ್ಟಣ, ರೀಲ್ಸ್‌ನ ಪಲ್ಲವಿ, ಕತ್ತರಿಸಿದ ವಿಡಿಯೊ, ಮೂರರದ್ದೂ ಒಂದೇ ಕಥೆ. ಇದು ಯಾರ ಮಾತು, ಇದಕ್ಕೆ ಜವಾಬ್ದಾರ ಯಾರು ಅಂತ ಹೇಳುವ ತುಂಡು ನಮ್ಮ ತನಕ ಬರುವುದಿಲ್ಲ. ಬಂದರೂ ಓಡುತ್ತ ಬರುತ್ತದೆ, ಇಲ್ಲವೇ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಹಳ್ಳಿಯವರು ಓದಿಲ್ಲ, ಅದಕ್ಕೇ ಮೋಸ ಹೋಗುತ್ತಾರೆ ಅಂತ ಪೇಟೆಯವರು ಹೇಳುತ್ತಾರೆ. ನಾವು ಒಪ್ಪುವುದಿಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವಾಗ ನಮ್ಮವರು ಹಲ್ಲು ನೋಡುತ್ತಾರೆ, ಯಾವ ಊರಿನದು, ಯಾಕೆ ಮಾರುತ್ತಿದ್ದೀ ಅಂತ ಹತ್ತು ಪ್ರಶ್ನೆ ಕೇಳುತ್ತಾರೆ. ಆ ಬುದ್ಧಿ ನಮ್ಮಲ್ಲಿ ಇದೆ. ಮೊಬೈಲ್ ಕೈಗೆ ಬಂದಾಗ ಮಾತ್ರ ಹಲ್ಲು ನೋಡುವುದು ಮರೆಯುತ್ತೇವೆ.

ಹಾಗಾಗಿ ಮೂರು ಸಣ್ಣ ಕೆಲಸ.

ಸುಳ್ಳು ಜಾಹೀರಾತು ಕಂಡರೆ, ಅಥವಾ ನಂಬಿ ಕೊಂಡು ಮೋಸ ಹೋದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಕಂಪನಿಯಷ್ಟೇ ಅಲ್ಲ, ಅದರಲ್ಲಿ ನಟಿಸಿ ಹೊಗಳಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಇದೆ. ಮೊಬೈಲಿನಲ್ಲಿ ಯಾರಾದರೂ ದುಡ್ಡು ಲಪಟಾಯಿಸಿದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಮದುವೆ ಕಾರ್ಡ್ ಅಂತ ಬಂದ ಅಪರಿಚಿತ ಫೈಲ್ ಒತ್ತಬೇಡಿ.

ಹಾಡು ಇಷ್ಟವಾದರೆ ಪೂರ್ತಿ ಕೇಳಿ. ರೀಲ್ಸ್ ಮಾಡಿದರೆ ಬರೆದವರ, ಹಾಡಿದವರ ಹೆಸರು ಹಾಕಿ. ಖರ್ಚಿಲ್ಲ.

ಎದೆ ಝಲ್ ಅನ್ನಿಸುವ ಮೆಸೇಜು ಬಂದರೆ, ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: "ಅಣ್ಣಾ, ಇದು ನಿನಗ ಯಾರು ಹೇಳಿದ್ರು?" ಅವನಿಗೆ ಗೊತ್ತಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಅನುಮಾನ ಇದ್ದರೆ ಸಮೀಪದ ಠಾಣೆಗೆ ಫೋನ್ ಮಾಡಿ, ಇಲ್ಲವೇ ನಮ್ಮಂಥ ಸುದ್ದಿಯವರನ್ನು ಕೇಳಿ. ನಾವೂ ತಪ್ಪಬಹುದು, ಆದರೆ ನಮ್ಮ ಸುದ್ದಿಯ ಮೇಲೆ ನಮ್ಮ ಹೆಸರು ಇರುತ್ತದೆ. ತಪ್ಪಿದರೆ ಮನೆಗೆ ಬಂದು ಬೈಯಬಹುದು.

ಅಂದಹಾಗೆ, ನಿನ್ನೆ ಮತ್ತೆ ಆ ಹೆಲಿಕಾಪ್ಟರ್ ಇಳಿಯಿತು. ಅವ್ವ ರಿಮೋಟ್ ತೆಗೆದುಕೊಂಡು ದನಿ ಬಂದ್ ಮಾಡಿದಳು.

"ಏಲಕ್ಕಿ ಬೇಕಂದ್ರ ಹಾವೇರಿ ಸಂತಿಗೆ ಹೋಗಿ ತರೋಣ ಬಿಡು," ಅಂದಳು.